ಹನ್ನೊಂದನೆಯ ಸಂಖ್ಯೆ

ನನ್ನ ಬಾಲ್ಯದಲ್ಲಿ ಊರ ತೇರಿಗೆ ಹೊರಡುವ ಮುನ್ನ ನಮ್ಮ ತಾಯಿಯವರು ನನ್ನ ಚಡ್ಡಿಯ ಜೇಬಿನಲ್ಲಿ ಒಂದು ಚೀಟಿಯನ್ನು ಮಡಿಸಿಡುತ್ತಿದ್ದರು. ತಂದೆಯ ಹೆಸರು, ಬೀದಿ, ಮನೆಯ ನಂಬರು, ಇಷ್ಟೇ ಅದರಲ್ಲಿರುತ್ತಿದ್ದುದು. ಸಂದಣಿಯಲ್ಲಿ ಕೈತಪ್ಪಿದ ಮಗುವನ್ನು ಆ ಚೀಟಿ ಮನೆಗೆ ಮುಟ್ಟಿಸೀತೆಂಬುದು ಅವರ ನಂಬಿಕೆ. ಮರೆತೇಹೋಗಿದ್ದ ಆ ಚೀಟಿ ನನಗೆ ಮತ್ತೆ ನೆನಪಾದುದು ಕಳೆದ ಚಳಿಗಾಲದ ಒಂದು ಶನಿವಾರ, ಬೆಂಗಳೂರಿನ ಹೊರವಲಯದ ಒಂದು ಪ್ರದರ್ಶನ ಮಂದಿರದ ಮುಂದೆ, ಕಾಮಿಕ್ಸ್ ಜಾತ್ರೆಗೆಂದು ಬಂದವರ ಉದ್ದಾನುದ್ದ ಸರತಿಸಾಲಿನಲ್ಲಿ ನಿಂತು, ಆರನೆಯ ತರಗತಿಯಲ್ಲಿ ಓದುತ್ತಿರುವ ಮಗಳ ಮುಂಗೈಯ ಮೇಲೆ ಬಾಲ್‌ಪೆನ್ನಿನಿಂದ ನನ್ನ ಫೋನ್ ನಂಬರನ್ನು ಬರೆಯುತ್ತಿದ್ದಾಗ.

ಅವಳ ಬೆನ್ನಿಗೆ ಎರಡು ರೆಕ್ಕೆಗಳಿದ್ದವು. ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಬಂಗಾರದ ಬಣ್ಣದ ಕಾಗದವನ್ನು ಅಂಟಿಸಿ, ಹಳೆಯ ಲಂಗದ ಲಾಡಿಯಿಂದ ಹೆಗಲಿಗೆ ಬಿಗಿದ ಆ ರೆಕ್ಕೆಗಳಲ್ಲಿ ಎಡಗಡೆಯದು ಮನೆಯಿಂದ ಹೊರಡುವಾಗಲೇ ಸ್ವಲ್ಪ ವಾಲಿದ್ದಿತು. ಸಾಲು ಒಂದೊಂದು ಹೆಜ್ಜೆ ಮುಂದೆ ಸರಿದಾಗಲೂ ಅದು ಮುಂದಿದ್ದ ಯುವಕನ ಕುತ್ತಿಗೆಗೆ ತಾಗುವುದು, ಇವಳು ‘ಸಾರಿ ಅಂಕಲ್’ ಎನ್ನುವುದು, ಮುಖದ ತುಂಬ ಹಸಿರು ಬಣ್ಣ ಬಳಿದುಕೊಂಡಿದ್ದ ಆತ ಬಣ್ಣ ಬಿರಿಯದಷ್ಟು ಮಾತ್ರ ನಗುವುದು, ಹೀಗೆಯೇ ಒಂದು ಗಂಟೆ ಕಳೆಯಿತು. ಹಿಂದೆಯೂ ಮುಂದೆಯೂ ಅಪರಿಚಿತರು ಹಳೆಯ ನಂಟರಂತೆ ಮಾತನಾಡುತ್ತಿದ್ದರು. ಅದನ್ನು ನೋಡುತ್ತ ನಿಂತಿದ್ದ ಮಗಳು ಕೇಳಿದಳು: “ಅಪ್ಪ, ಇವರಿಗೆಲ್ಲ ಒಬ್ಬರಿಗೊಬ್ಬರು ಹೇಗೆ ಗೊತ್ತು?”

ಈ ಪ್ರಶ್ನೆಗೆ ಸರಿಯಾದ ಉತ್ತರವೆಂದರೆ ಅಂಚೆಯ ವಿಳಾಸ. ನಮ್ಮ ಜಾತ್ರೆಗಳು ದೇವರಿರುವ ಸ್ಥಳದಲ್ಲಿ ನೆರೆಯುತ್ತವೆ. ಸಂತೆ ಹಾದಿಗಳು ಕೂಡುವಲ್ಲಿ ನೆರೆಯುತ್ತದೆ. ಆದರೆ ಈ ಕಾಮಿಕ್ಸ್ ಜಾತ್ರೆ ಹುಟ್ಟಿದುದು ಪತ್ರಿಕೆಗಳ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತಿದ್ದ ಓದುಗರ ವಿಳಾಸಗಳಿಂದ. ಲಕ್ಸೆಂಬರ್ಗಿನಿಂದ ಅಮೆರಿಕೆಗೆ ವಲಸೆ ಬಂದಿದ್ದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತನು 1926ರಲ್ಲಿ ವಿಜ್ಞಾನಕಥೆಗಳಿಗಾಗಿಯೇ ‘ಅಮೇಜಿಂಗ್ ಸ್ಟೋರೀಸ್’ ಎಂಬ ಪತ್ರಿಕೆಯನ್ನು ಹೊರಡಿಸಿ, ಅದಕ್ಕೆ ಬಂದ ಪತ್ರಗಳನ್ನು ಬರೆದವರ ವಿಳಾಸಸಹಿತ ಪ್ರಕಟಿಸತೊಡಗಿದನು. ದೂರದೂರದ ಊರುಗಳಲ್ಲಿ, ತನ್ನಂಥ ಓದಿನ ಹುಚ್ಚು ಲೋಕದಲ್ಲಿ ಇನ್ನಾರಿಗೂ ಇಲ್ಲವೆಂದು ಬಗೆದು ಒಂಟಿಯಾಗಿ ಕುಳಿತಿದ್ದ ಹುಡುಗನಿಗೆ ಮತ್ತೊಬ್ಬ ಹುಡುಗನ ಮನೆಯ ನಂಬರು ದೊರೆಯಿತು. ಪತ್ರ ಬರೆದರು, ಸಂಘ ಕಟ್ಟಿದರು, ಕೈಯಂತ್ರದಲ್ಲಿ ನಕಲು ತೆಗೆದ ಪುಟ್ಟ ಪತ್ರಿಕೆಗಳನ್ನು ಹಂಚಿಕೊಂಡರು. ಕೊನೆಗೆ 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಪ್ರಥಮ ವಿಶ್ವ ವಿಜ್ಞಾನಕಥಾ ಸಮ್ಮೇಳನವನ್ನು ನೆರೆಸಿದರು. ಆ ಸಮ್ಮೇಳನಕ್ಕೆ ಭವಿಷ್ಯಕಾಲದ ಮನುಷ್ಯರಂತೆ ವೇಷ ತೊಟ್ಟು ಬಂದವರು ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬಿಬ್ಬರು. ಇಂದಿನ ವೇಷಧಾರಿಗಳೆಲ್ಲರ ಮೂಲಪುರುಷನೆಂಬ ಕೀರ್ತಿ ಬಹುಕಾಲ ಆಕರ್ಮನ್ನನಿಗೇ ಸಂದಿತು. ಎರಡು ಉಡುಪುಗಳನ್ನೂ ಹೊಲಿದವಳು ಮಾತ್ರ ಮರ್ಟಲ್. ಸೂಜಿ ಹಿಡಿದವಳ ಹೆಸರು ಹಿಂದೆ ಬೀಳುವುದು ಅಮೆರಿಕೆಯಲ್ಲಿಯೂ ಹೊಸ ಸಂಗತಿಯೇನಲ್ಲ.

ಕಾಮಿಕ್ಸ್ ಓದುಗರಿಗೆ ಇಷ್ಟು ಭಾಗ್ಯ ಒಡನೆಯೇ ಒದಗಲಿಲ್ಲ. 1938ರಲ್ಲಿ ಹತ್ತು ಸೆಂಟಿನ ಪುಸ್ತಕವೊಂದರಲ್ಲಿ ಸೂಪರ್‌ಮ್ಯಾನ್ ಅವತರಿಸಿದ ಮೇಲೆ ಈ ಚಿತ್ರಕಥೆಗಳು ಲಕ್ಷೋಪಲಕ್ಷವಾಗಿ ಖರ್ಚಾದುದು ನಿಜವಾದರೂ, ಮಹಾಯುದ್ಧ ಮುಗಿದ ತರುವಾಯ ಅವುಗಳ ಮೇಲೆ ಸಮಾಜದ ಕೆಂಗಣ್ಣು ಬಿದ್ದಿತು. ಕೆಲವು ಪಟ್ಟಣಗಳಲ್ಲಿ ಶಾಲೆಯ ಮಕ್ಕಳ ಕೈಯಿಂದಲೇ ಅವನ್ನು ರಾಶಿ ಹಾಕಿಸಿ ಬೆಂಕಿಯಿಟ್ಟರು. ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯನು 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಾಲಾಪರಾಧಗಳಿಗೆ ಇವೇ ಕಾರಣವೆಂದು ವಾದಿಸಿದನು. ಅದೇ ವರ್ಷ ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮ್ಮ ಮೇಲೆ ತಾವೇ ಒಂದು ಕಟ್ಟುನಿಟ್ಟಿನ ಸಂಹಿತೆಯನ್ನು ಹೇರಿಕೊಂಡರು. ಹೀಗಾಗಿ ಮೀಸೆ ಮೂಡಿದ ಮೇಲೂ ಕಾಮಿಕ್ಸ್ ಓದುವವನು ಅದನ್ನು ಬಚ್ಚಿಟ್ಟು ಓದುವ ಕಾಲ ಬಂದಿತು. ಈ ಬಚ್ಚಿಡುವಿಕೆ ನನಗೆ ಪುಸ್ತಕದಿಂದ ತಿಳಿದುದಲ್ಲ. ಸಮಾಜ ಪಾಠದ ಪುಸ್ತಕದೊಳಗೆ ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್‌ನನ್ನು ಸೇರಿಸಿ ಓದುತ್ತಿದ್ದಾಗ ಸಿಕ್ಕಿಬಿದ್ದು, ಮೇಷ್ಟರ ಮೇಜಿನ ಮೇಲೆ ಅವನನ್ನು ಕಳೆದುಕೊಂಡವನು ನಾನು. ಅದು ಬಾಡಿಗೆ ಲೈಬ್ರರಿಯ ಪ್ರತಿಯಾಗಿದ್ದುದರಿಂದ ದಂಡವನ್ನೂ ತೆತ್ತವನು.

ಈ ಒಂಟಿ ಓದುಗರನ್ನು ಕೂಡಿಸಿದುದು ಮತ್ತೆ ಅದೇ ವಿಳಾಸವೇ. ಸೂಪರ್‌ಮ್ಯಾನ್‌ನ ಪ್ರಕಾಶಕರಲ್ಲಿ ಸಂಪಾದಕನಾಗಿದ್ದ ಜೂಲಿಯಸ್ ಶ್ವಾರ್ಟ್ಸ್ ತಾನೂ ಒಂದು ಕಾಲಕ್ಕೆ ವಿಜ್ಞಾನಕಥೆಗಳ ಹುಚ್ಚು ಹಿಡಿದು, 1932ರಲ್ಲಿ ಗೆಳೆಯರೊಡಗೂಡಿ ಓದುಗರದೇ ಪತ್ರಿಕೆಯೊಂದನ್ನು ಹೊರಡಿಸಿದ್ದವನು. ಆದುದರಿಂದ 1960ರ ದಶಕದ ಆರಂಭದಲ್ಲಿ ಆತನು ತನ್ನ ಕಾಮಿಕ್ಸ್ ಪುಸ್ತಕಗಳ ಪತ್ರಾಂಕಣದಲ್ಲಿಯೂ ಓದುಗರ ಪೂರ್ಣ ವಿಳಾಸಗಳನ್ನು ಅಚ್ಚು ಹಾಕಿಸತೊಡಗಿದುದು ಸಹಜವೇ ಆಗಿದ್ದಿತು. ಡೆಟ್ರಾಯಿಟ್ಟಿನ ಕಾಲೇಜು ಅಧ್ಯಾಪಕ ಜೆರ್ರಿ ಬೇಲ್ಸ್, ರಾಯ್ ಥಾಮಸ್ ಎಂಬ ತರುಣನ ಸಹಕಾರದೊಡನೆ 1961ರಲ್ಲಿ ‘ಆಲ್ಟರ್ ಈಗೊ’ ಎಂಬ ಪತ್ರಿಕೆಯನ್ನು ನಕಲುಯಂತ್ರದಲ್ಲಿ ತೆಗೆದು ಅಂಚೆಗೆ ಹಾಕಿದನು. ಪತ್ರದಿಂದ ಮುಖದರ್ಶನಕ್ಕೆ ಬಹಳ ಕಾಲ ಹಿಡಿಯಲಿಲ್ಲ. 1964ರ ಜುಲೈ 27ರಂದು, ಬರ್ನಿ ಬಬ್ನಿಸ್ ಎಂಬ ಹದಿಹರೆಯದ ಹುಡುಗನ ಉತ್ಸಾಹದಿಂದ, ನ್ಯೂಯಾರ್ಕಿನ ಒಂದು ಕೋಣೆಯಲ್ಲಿ ಹತ್ತಾರು ಮಂದಿ ನೆರೆದರು. ಸ್ಪೈಡರ್‌ಮ್ಯಾನ್‌ನನ್ನು ಚಿತ್ರಿಸಿದ ಸ್ಟೀವ್ ಡಿಟ್ಕೊ ಅಲ್ಲಿಗೆ ಬಂದಿದ್ದನೆಂಬುದು, ಮುಂದೆ ಆತನು ಸಾರ್ವಜನಿಕರ ಕಣ್ಣಿಗೆ ಬೀಳದೆ ಬಾಳಿದುದನ್ನು ಬಲ್ಲವರಿಗೆ, ಸೋಜಿಗವೆನಿಸುತ್ತದೆ. ಮುಂದೆ ಲೋಕಪ್ರಸಿದ್ಧ ಕಾದಂಬರಿಕಾರನಾದ ಜಾರ್ಜ್ ಆರ್. ಆರ್. ಮಾರ್ಟಿನ್ ಆ ದಿನ ಅಲ್ಲಿದ್ದ ಹುಡುಗರಲ್ಲೊಬ್ಬ.

ಇಂದು ಈ ಬಗೆಯ ಜಾತ್ರೆಗಳಿಗೆಲ್ಲ ಮೇಲ್ಪಂಕ್ತಿಯೆನಿಸಿರುವುದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದ್ದು. ಅದರ ಆದಿಯನ್ನು ನೋಡಿದರೆ ನಗು ಬರುವಷ್ಟು ಬಡತನ. ಡೆಟ್ರಾಯಿಟ್ಟಿನಲ್ಲಿ ಇಂಥ ಕೂಟಗಳನ್ನು ನಡೆಸಿ ಅನುಭವವಿದ್ದ ಶೆಲ್ ಡಾರ್ಫ್ ಎಂಬ ಚಿತ್ರಕಾರನು ವೃದ್ಧ ತಂದೆತಾಯಿಗಳನ್ನು ನೋಡಿಕೊಳ್ಳಲೆಂದು ಆ ಊರಿಗೆ ಬಂದು ನೆಲಸಿದವನು. ಆತನಿಗೆ ದೊರೆತ ಸಹಾಯಕರು ಹೆಚ್ಚಾಗಿ ಹೈಸ್ಕೂಲು ಹುಡುಗರು. ಅವರಲ್ಲೊಬ್ಬನಾದ ರಿಚರ್ಡ್ ಆಲ್ಫ್ ಹಳೆಯ ಕಾಮಿಕ್ಸನ್ನು ಅಂಚೆಯ ಮೂಲಕ ಮಾರಿ ಕೂಡಿಟ್ಟಿದ್ದ ಹಣವೇ ಅವರ ಬಂಡವಾಳಕ್ಕೆ ಆಧಾರ. 1970ರ ಮಾರ್ಚ್ 21ರಂದು ಯು. ಎಸ್. ಗ್ರಾಂಟ್ ಹೋಟೆಲಿನ ನೆಲಮಾಳಿಗೆಯಲ್ಲಿ ಒಂದು ದಿನದ ಚಿಕ್ಕ ಕೂಟವನ್ನು ನಡೆಸಿ, ದೊಡ್ಡ ಕೂಟಕ್ಕೆ ಹಣ ಹೊಂದಿಸಿಕೊಂಡು, ಆಗಸ್ಟ್ 1ರಿಂದ 3ರವರೆಗೆ ಅದನ್ನೂ ಅಲ್ಲಿಯೇ ನಡೆಸಿದರು. ಬಂದವರು ಸುಮಾರು 300 ಮಂದಿ. ಜ್ಯಾಕ್ ಕರ್ಬಿಯಂಥ ಚಿತ್ರಕಾರ, ರೇ ಬ್ರಾಡ್ಬರಿಯಂಥ ಲೇಖಕ ಆ ಹುಡುಗರ ಕರೆಗೆ ಓಗೊಟ್ಟು ಬಂದರು. ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆಯ ಸಂಚಿಕೆಗಳನ್ನು ನಿಲ್ಲಿಸಿಟ್ಟುಕೊಂಡು, ತನ್ನಲ್ಲಿ ಎರಡಿದ್ದುದನ್ನು ಕೊಟ್ಟು ಇಲ್ಲದುದನ್ನು ಕೊಳ್ಳುವ ವಿನಿಮಯವೇ ಆ ಕೂಟದ ಜೀವಾಳ. ಮಾರುವವನೂ ಓದುಗ, ಕೊಳ್ಳುವವನೂ ಓದುಗ. ತರುವಾಯದ ಕಥೆ ಎಲ್ಲರಿಗೂ ತಿಳಿದದ್ದೇ: ಸಿನಿಮಾ ಕಂಪೆನಿಗಳು ಬಂದವು, 300 ಇದ್ದುದು 1,30,000 ದಾಟಿತು, ಟಿಕೆಟ್ಟು ಸಿಕ್ಕುವುದೇ ಪುಣ್ಯವಾಯಿತು. ಟೋಕಿಯೋದಲ್ಲಿಯೂ ಹೀಗೆಯೇ, 1975ರ ಡಿಸೆಂಬರಿನಲ್ಲಿ 32 ಗುಂಪುಗಳು ತಮ್ಮ ಸ್ವಂತ ಮುದ್ರಣಗಳನ್ನು ಹರಡಿಕೊಂಡು ಕುಳಿತ ಒಂದು ದಿನದ ಸಂತೆ ಇಂದು ಲಕ್ಷಗಟ್ಟಲೆ ಜನರ ಮಹಾಸಂತೆಯಾಗಿದೆ.

ಭಾರತಕ್ಕೆ ಈ ಪದ್ಧತಿ ಬಂದಾಗ ಅದು ಬೆಳೆದ ಮರವಾಗಿಯೇ ಬಂದಿತು. ನೆಲಮಾಳಿಗೆಯ ದಿನಗಳು ನಮಗೆ ದಕ್ಕಲಿಲ್ಲ. 2011ರ ಫೆಬ್ರವರಿಯಲ್ಲಿ ದೆಹಲಿಯ ದಿಲ್ಲಿ ಹಾಟ್‌ನಲ್ಲಿ ಮೊದಲನೆಯದು ನೆರೆಯಿತು. ಮರುವರ್ಷ ಬೆಂಗಳೂರಿನ ಸರದಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ. ಚಿತ್ರಗಳಲ್ಲಿ ಕಥೆ ಹೇಳುವುದು ನಮಗೇನು ಹೊಸದೆ, ಅಮೃತಾಪುರದ ಅಮೃತೇಶ್ವರ ದೇವಾಲಯದ ಗೋಡೆಯ ಮೇಲೆ ರಾಮಾಯಣ ಸಾಲುಸಾಲಾಗಿ ಕೆತ್ತಲ್ಪಟ್ಟಿಲ್ಲವೆ, ಹಂಪೆಯ ಹಜಾರ ರಾಮನ ಗುಡಿಯನ್ನು ಸುತ್ತುವವನು ಕಥೆಯನ್ನೇ ಸುತ್ತುವುದಿಲ್ಲವೆ ಎಂದು ಅಭಿಮಾನದಿಂದ ಕೇಳುವವರುಂಟು. ಶಿಲ್ಪದ ಮಟ್ಟಿಗೆ ಆ ಮಾತು ಸತ್ಯ. ಆದರೆ ಗುಡಿಯ ಗೋಡೆಯನ್ನು ಯಾರೂ ಪಾಠಪುಸ್ತಕದೊಳಗೆ ಬಚ್ಚಿಟ್ಟು ಓದಲಿಲ್ಲ, ಗೆಳೆಯನೊಡನೆ ಅದಲು ಬದಲು ಮಾಡಿಕೊಳ್ಳಲಿಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾಗಿ ಕೈಯಿಂದ ಕೈಗೆ ದಾಟುವ ಪುಸ್ತಕದ ಚರಿತ್ರೆಯೇ ಬೇರೆ, ಅದನ್ನು ಹೊಯ್ಸಳರಿಂದ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ.

ಒಳಗೆ ಹೊಕ್ಕೆವು. ಆ ನೂಕುನುಗ್ಗಲನ್ನು ವರ್ಣಿಸುವುದು ವ್ಯರ್ಥ. ದಸರೆಯ ಮೆರವಣಿಗೆಯನ್ನು ಕಂಡವರು ಊಹಿಸಿಕೊಳ್ಳಬಹುದು, ಆನೆಗಳಿರುವಲ್ಲಿ ರಾಕ್ಷಸರನ್ನಿಟ್ಟುಕೊಂಡರಾಯಿತು. ಟೀ ಶರಟು, ಗೊಂಬೆ, ಕೀಲಿಗೊಂಚಲು, ವಿಡಿಯೋ ಆಟಗಳ ನಡುವೆ ಪುಸ್ತಕವನ್ನು ಹುಡುಕಬೇಕಾಗಿದ್ದಿತು. ಮಗಳ ಎಡರೆಕ್ಕೆ ಅರ್ಧ ಗಂಟೆಯೊಳಗೆ ಮುರಿಯಿತು; ಅದನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯುವ ಕೆಲಸ ನನ್ನದಾಯಿತು. ಕೊನೆಗೆ ಒಂದು ಮೂಲೆಯಲ್ಲಿ, ಜನ ವಿರಳವಾಗಿದ್ದ ಕಡೆ, ಹಳೆಯ ಪುಸ್ತಕಗಳ ಮೇಜೊಂದು ಕಂಡಿತು. ಪ್ರತಿಯೊಂದು ಪುಸ್ತಕಕ್ಕೂ ಪಾರದರ್ಶಕವಾದ ಪ್ಲಾಸ್ಟಿಕ್ ಚೀಲ. ಒಳಗೆ ಹಳದಿಗಟ್ಟಿದ ಕಾಗದ. ಬೆನ್ನಿನ ಪಿನ್ನುಗಳು ತುಕ್ಕು ಹಿಡಿದು ಎರಡು ಕಂದು ಚುಕ್ಕೆಗಳಾಗಿದ್ದವು. ಮಗಳು ಅವುಗಳಲ್ಲೊಂದನ್ನು ಎತ್ತಿಕೊಂಡಳು: ಇಂಗ್ಲಿಷಿನ ಅಮರ ಚಿತ್ರ ಕಥೆ, ‘ಕೃಷ್ಣ’.

“ಸರಣಿಯ ಮೊದಲನೇ ಪುಸ್ತಕ ಇದೇ ಪುಟ್ಟ,” ಎಂದನು ಅಂಗಡಿಯವನು.

ಅವಳು ಚೀಲವನ್ನು ಬೆಳಕಿಗೆ ಹಿಡಿದು ನೋಡಿ, “ಇಲ್ಲ ಅಂಕಲ್, ಇದರ ಮೇಲೆ ಹನ್ನೊಂದು ಅಂತ ಇದೆ,” ಎಂದಳು. ಆಮೇಲೆ ನನ್ನ ಕಡೆಗೆ ತಿರುಗಿ, “ಅಪ್ಪ, ಒಂದರಿಂದ ಹತ್ತು ಎಲ್ಲಿ ಹೋಯ್ತು?”

ಅಮರ ಚಿತ್ರ ಕಥೆಯ ಉಗಮದ ಬಗೆಗೆ ಸಾಮಾನ್ಯವಾಗಿ ಹೇಳಲಾಗುವುದು ಅನಂತ ಪೈಯವರ ವೃತ್ತಾಂತ. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮುಂಬಯಿಯಲ್ಲಿ ರಸಾಯನಶಾಸ್ತ್ರವನ್ನು ಓದಿ, ಟೈಮ್ಸ್ ಆಫ್ ಇಂಡಿಯಾದವರ ಇಂದ್ರಜಾಲ ಕಾಮಿಕ್ಸಿನಲ್ಲಿ ದುಡಿಯುತ್ತಿದ್ದ ಪೈಯವರು 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ರಸಪ್ರಶ್ನೆಯೊಂದನ್ನು ನೋಡಿದರು. ಗ್ರೀಕ್ ದೇವತೆಗಳ ವಿಷಯದಲ್ಲಿ ಥಟ್ಟನೆ ಉತ್ತರ ಹೇಳಿದ ಮಕ್ಕಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರು. ಅಂದಿನ ವ್ಯಥೆಯಿಂದಲೇ ಈ ಮಾಲೆ ಹುಟ್ಟಿತೆಂದು ಅವರೇ ಹೇಳುತ್ತಿದ್ದರು. ಇದು ಮುಂಬಯಿಯ ವೃತ್ತಾಂತ. ಬೆಂಗಳೂರಿನದು ಇದಕ್ಕೆ ಎರಡು ವರ್ಷ ಹಿಂದಿನದು. ಈ ಮಾಲೆಯ ಪ್ರಕಾಶಕರಾಗಿದ್ದ ಇಂಡಿಯಾ ಬುಕ್ ಹೌಸಿನ ಬೆಂಗಳೂರಿನ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಮಕ್ಕಳ ಚಿತ್ರಕಥೆಗಳನ್ನು ಕನ್ನಡದಲ್ಲಿ ಹೊರತರಬೇಕೆಂಬ ಸಲಹೆಯನ್ನು ಮುಂದಿಟ್ಟು, ಅದನ್ನು ಕಾರ್ಯಗತ ಮಾಡಿಸಿದರು. ಪುಸ್ತಕಗಳು ಚೆನ್ನಾಗಿ ಖರ್ಚಾದವು; ಆ ಯಶಸ್ಸನ್ನು ಕಂಡೇ ಮುಂಬಯಿಯ ಪ್ರಧಾನ ಕಚೇರಿ ಇಂಗ್ಲಿಷಿನಲ್ಲಿಯೂ ಮಾಲೆಯನ್ನು ಮುಂದುವರಿಸಲು ಮನಸ್ಸು ಮಾಡಿತು; ಪೈಯವರು ಸಂಪಾದಕರಾದರು; ರಾಮ್ ವಾಯಿರ್‌ಕರ್ ಅವರ ಚಿತ್ರಗಳೊಡನೆ ‘ಕೃಷ್ಣ’ ಹೊರಬಂದು, ಕನ್ನಡದ ಹತ್ತರ ಮುಂದಿನ ಸಂಖ್ಯೆಯಾದ ಹನ್ನೊಂದನ್ನು ಪಡೆಯಿತು. ಈ ಎರಡು ವೃತ್ತಾಂತಗಳೂ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ; ಒಂದು ಪ್ರಸಿದ್ಧವಾಯಿತು, ಇನ್ನೊಂದು ಆಗಲಿಲ್ಲ, ಅಷ್ಟೆ. ವಿನೋದವೆಂದರೆ, ಕನ್ನಡದಲ್ಲಿ ಬಂದ ಆ ಹತ್ತೂ ಸಿಂಡರೆಲ್ಲ, ಪಿನೋಕಿಯೊ ಮೊದಲಾದ ಹೊರನಾಡಿನ ಕಥೆಗಳು. ನಮ್ಮ ಕೃಷ್ಣನು ಬಂದುದು ಇಂಗ್ಲಿಷಿನಲ್ಲಿ.

ದೆಹಲಿಯ ಆ ಪ್ರಥಮ ಸಮ್ಮೇಳನದಲ್ಲಿ, 2011ರ ಫೆಬ್ರವರಿ 19ರಂದು, ಅನಂತ ಪೈಯವರಿಗೆ ಜೀವಮಾನದ ಸಾಧನೆಗಾಗಿ ಪ್ರಶಸ್ತಿ ಸಂದಿತು. ಐದು ದಿನಗಳ ಬಳಿಕ, 24ರಂದು, ಅವರು ತೀರಿಕೊಂಡರು.

ಇಷ್ಟನ್ನೂ ನಾನು ಮಗಳಿಗೆ ಹೇಳಿದುದು ಹಿಂದಿರುಗುವಾಗ ಬಸ್ಸಿನಲ್ಲಿ. ಅರ್ಧ ಕೇಳಿ ಅವಳು ನಿದ್ದೆಹೋದಳು, ಎಚ್ಚರವಾದೊಡನೆ, “ಹಾಗಾದ್ರೆ ಆ ಹತ್ತು ನಮಗೆ ಎಲ್ಲಿ ಸಿಗತ್ತೆ?” ಎಂದಳು. ಮೂಲೆಯ ಮೇಜಿನವನಲ್ಲಿ ಅವು ಇರಲಿಲ್ಲ. ಅದಾದ ಮೇಲೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಗಳಲ್ಲಿ ನಾವಿಬ್ಬರೂ ಎರಡು ಭಾನುವಾರ ಕೆದಕಿದೆವು, ಅಲ್ಲಿಯೂ ಸಿಗಲಿಲ್ಲ. ಈ ಲೇಖನವನ್ನು ಓದುವವರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ, ತಾತನ ಟ್ರಂಕಿನಲ್ಲಾದರೂ, 1965ರ ಆ ಕನ್ನಡ ಚಿತ್ರಕಥೆಗಳಲ್ಲಿ ಒಂದು ಉಳಿದಿದ್ದರೆ, ದಯವಿಟ್ಟು ಅದನ್ನು ಹಳೇ ಪೇಪರಿನವನ ತಕ್ಕಡಿಗೆ ಹಾಕಬೇಡಿ.