ತಾಳಗುಪ್ಪ ಸೀಮೆಯ ಶಾಲಾ ಶಿಕ್ಷಕರಲ್ಲಿ ಚರ್ಮರೋಗದ ಸ್ವಯಂಚಿಕಿತ್ಸೆ: ಒಂದು ಪರಿಶೀಲನೆ

ಸ್ವಯಂಚಿಕಿತ್ಸೆಗೆ ಅಜ್ಞಾನವೇ ಕಾರಣವೆಂಬ ಗ್ರಹಿಕೆ ನಮ್ಮ ಆರೋಗ್ಯ ಬರಹಗಳಲ್ಲಿ ಬೇರೂರಿದೆ. ಶಾಲಾ ಶಿಕ್ಷಕರ ವಿಷಯದಲ್ಲಿ ಇದು ನಿಲ್ಲುವುದಿಲ್ಲ. ಔಷಧದ ಹೆಸರನ್ನು ಓದಬಲ್ಲವರು ಅವರು. ವೈದ್ಯರ ಹಳೆಯ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡವರು, ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಎದುರಿಗೇ ನಿಂತು ನುಂಗಿಸುವವರು. ಅವರನ್ನು ಔಷಧದ ಅಂಗಡಿಯ ಕಡೆಗೆ ತಿರುಗಿಸುವುದು ಅಕ್ಷರ ಕೊಟ್ಟ ಧೈರ್ಯ ಮತ್ತು ಶಾಲೆಯ ವೇಳಾಪಟ್ಟಿ ಎಂಬುದು ಈ ಲೇಖನದ ವಾದ. ಪ್ರಕಟಿತ ಚರ್ಮವೈದ್ಯ ಅಧ್ಯಯನಗಳನ್ನೂ ಔಷಧ ಕಾನೂನನ್ನೂ ಸಾಗರ ತಾಲ್ಲೂಕಿನ ತಾಳಗುಪ್ಪ ಹೋಬಳಿಯ ದಿನಚರಿಯೊಂದಿಗೆ ಇಟ್ಟು ಇಲ್ಲಿ ಓದಲಾಗಿದೆ.

ತಾಳಗುಪ್ಪ ಶಿವಮೊಗ್ಗದಿಂದ ಬರುವ ರೈಲುಹಾದಿಯ ಕೊನೆಯ ನಿಲ್ದಾಣ, ಜೋಗದ ನೆರೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಬಟ್ಟೆ ಒಣಗುವುದು ಒಲೆಯ ಶಾಖದಲ್ಲಿ, ಅದೂ ಅರೆಬರೆ. ಬಸ್ಸಿಳಿದು ನೆನೆದುಕೊಂಡೇ ತರಗತಿಗೆ ಬಂದ ಶಿಕ್ಷಕಿಯ ಸೊಂಟದಲ್ಲಿ ಲಂಗದ ಲಾಡಿ ಇಡೀ ದಿನ ಒದ್ದೆಯಾಗಿ ಬಿಗಿದಿರುತ್ತದೆ. ಬಿಗಿತ, ಬೆವರು, ತೇವ ಮೂರೂ ಕೂಡಿದ ಆ ಜಾಗದಲ್ಲಿ ಹುಳುಕಡ್ಡಿ ಎಂಬ ಶಿಲೀಂಧ್ರದ ಸೋಂಕು ಸುಲಭವಾಗಿ ನೆಲೆಯೂರುತ್ತದೆ. ಬೂಟು ಹಾಕುವ ಶಿಕ್ಷಕರಿಗೆ ಕಾಲ್ಬೆರಳ ಸಂದಿಯ ಕೊಳೆತ. ಸೀಮೆಸುಣ್ಣ ಹಿಡಿದು ಒಣಗಿದ ಕೈಯಲ್ಲಿ ಇಸಬು. ಶಾಲೆಯ ಕಾಲುದಾರಿಯಲ್ಲಿ ಉಂಬಳ ಕಚ್ಚಿದ ಗಾಯ ಕೆರೆದು ಕೀವಾಗುವುದೂ ಉಂಟು.

ಮನೆಮದ್ದು ಇಲ್ಲಿ ಸಮೃದ್ಧ. ಉಂಬಳ ಕಚ್ಚಿದಲ್ಲಿಗೆ ಸುಣ್ಣ, ಒಡೆದ ಹಿಮ್ಮಡಿಗೆ ಮುರುಗಲ ತುಪ್ಪ, ಹುಳುಕಡ್ಡಿಗೆ ಸೀಮೆ ಅಗಸೆ ಸೊಪ್ಪಿನ ರಸ. ಮುರುಗಲ ತುಪ್ಪವನ್ನು ಬಿಡಿಸುವ ಅಗತ್ಯ ಯಾವ ವೈದ್ಯರಿಗೂ ಇಲ್ಲ. ಚಿಂತೆಗೆ ಕಾರಣ ಸ್ಟೀರಾಯ್ಡ್ ಇರುವ ಅಂಗಡಿಯ ಟ್ಯೂಬು.

ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ ಪರಿಣಾಮಕಾರಿ ಎಂದು ಸುಲ್ಜ್‌ಬರ್ಗರ್ ಮತ್ತು ವಿಟನ್ ತೋರಿಸಿದ್ದು 1952ರಲ್ಲಿ. ಅದಕ್ಕಿಂತ ಹಲವು ಪಟ್ಟು ಪ್ರಬಲವಾದ ಬೀಟಾಮೆಥಸೋನ್, ಕ್ಲೋಬೆಟಾಸೋಲ್ ಅನಂತರ ಬಂದವು. ಸ್ಟೀರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಒಂದೆರಡು ದಿನದಲ್ಲಿ ಅಡಗಿಸುತ್ತದೆ. ಜೊತೆಗೆ ಶಿಲೀಂಧ್ರದ ವಿರುದ್ಧ ಚರ್ಮ ಹೂಡಿದ ರಕ್ಷಣೆಯನ್ನೂ ಅಡಗಿಸುತ್ತದೆ. ಉಂಗುರದಂತಿದ್ದ ಅಂಚು ಮಾಸಿ, ರೋಗ ಗುರುತೇ ಸಿಗದಂತೆ ಹರಡುತ್ತದೆ. ಹೀಗೆ ವೇಷ ಮರೆಸಿದ ಹುಳುಕಡ್ಡಿಯನ್ನು ಐವ್ ಮತ್ತು ಮಾರ್ಕ್ಸ್ 1968ರಲ್ಲೇ ವರ್ಣಿಸಿದ್ದರು. ಮುಲಾಮು ನಿಲ್ಲಿಸಿದೊಡನೆ ತುರಿಕೆ ಇಮ್ಮಡಿಯಾಗಿ ಮರಳುತ್ತದೆ, ಹಚ್ಚಿದವರು ಮತ್ತೆ ಅದೇ ಟ್ಯೂಬು ಕೊಳ್ಳುತ್ತಾರೆ. ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ ಬೀಳುವ ಬರೆಗಳು ಮಾತ್ರ ಶಾಶ್ವತ. ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಎಲ್ಲವನ್ನೂ ಬೆರೆಸಿದ ಮುಲಾಮುಗಳು ಈ ಹಾನಿಯನ್ನು ದೇಶದುದ್ದಕ್ಕೂ ಹಂಚಿವೆ. ಇತ್ತ ಶಿಲೀಂಧ್ರನಾಶಕ ಟರ್ಬಿನಾಫಿನ್‌ಗೆ ಬಗ್ಗದ ತಳಿಗಳು ವ್ಯಾಪಕವಾಗಿರುವ, ಭಾರತದಲ್ಲಿ ಹಬ್ಬಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಹೆಸರೂ ಬಂತು.

ಅಡಿಕೆ ತೋಟದ ಮನೆಗಳಿಂದ ಬಂದ ಶಿಕ್ಷಕರಿಗೆ ಕೊಳೆರೋಗ ಗೊತ್ತು. ಮಳೆ ಹಿಡಿಯುವ ಮುನ್ನ ಶೇ. 1ರ ಬೋರ್ಡೋ ದ್ರಾವಣ ಹೊಡೆಯಬೇಕು, ಮೈಲುತುತ್ತ ಮತ್ತು ಸುಣ್ಣದ ಅಳತೆ ತಪ್ಪಬಾರದು ಎಂಬುದು ಬಾಯಿಪಾಠ. ಅಡಿಕೆ ಗೊನೆಗೆ ಸಿಗುವ ಈ ಎಚ್ಚರ ಅವರ ಮೈಯ ಹುಳುಕಡ್ಡಿಗೂ ಸಿಗಬೇಕು.

ಮುಖದ ಬಂಗಿಗೆ ಸ್ಟೀರಾಯ್ಡ್ ಹಚ್ಚುವವರ ಕಥೆ ಇನ್ನೂ ನೋವಿನದು. ಸಾರಸ್ವತ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಬಹುಕೇಂದ್ರ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಯಿದ್ದ 2926 ಮಂದಿಯ ಪೈಕಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ 257 ಮಂದಿಗೆ ಅದನ್ನು ಸೂಚಿಸಿದವರು ವೈದ್ಯರಲ್ಲ. ಉಳಿದವರಿಗೆ ವೈದ್ಯರೇ ಬರೆದಿದ್ದರೆಂಬುದನ್ನೂ ಮರೆಯಬಾರದು: ಸ್ವಯಂಚಿಕಿತ್ಸೆ ಎಷ್ಟೋ ಸಲ ಯಾವುದೋ ಹಳೆಯ ಚೀಟಿಯ ಮುಂದುವರಿಕೆ.

ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳು, ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿಯಾದ ಷೆಡ್ಯೂಲ್ ಎಚ್‌ನ ಕಟ್ಟಿನಿಂದ ಬಹುಕಾಲ ಹೊರಗುಳಿದಿದ್ದವು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇಂಥ 14 ಔಷಧಗಳನ್ನು ಅದರೊಳಗೆ ತಂದಿತು. ಅದೇ ವರ್ಷ ಹಲವು ಬೆರಕೆ ಮುಲಾಮುಗಳೂ ಸೇರಿ 328 ಸಂಯೋಜನೆಗಳನ್ನು ನಿಷೇಧಿಸಿತು. ಆದರೆ ಚೀಟಿ ಕೇಳುವ ನಿಯಮ ಜಾರಿಯಾಗಬೇಕಾದರೆ ಚೀಟಿ ಬರೆಯುವವರು ಕೈಗೆಟುಕಬೇಕು. ತಾಳಗುಪ್ಪದಿಂದ ಸಾಗರ ಸುಮಾರು 15 ಕಿ.ಮೀ.; ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಅಲ್ಲಿಂದ ಮತ್ತೆ ಸುಮಾರು 70 ಕಿ.ಮೀ. ಹೊರರೋಗಿ ವಿಭಾಗ ತೆರೆದಿರುವ ಹೊತ್ತೇ ಪಾಠದ ಹೊತ್ತು. ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ ತುರಿಕೆಗೆಂದು ರಜೆ ಹಾಕಿದರೆ ಶಾಲೆಯೇ ನಿಲ್ಲುವ ಸ್ಥಿತಿ. ಸರ್ಕಾರಿ ನೌಕರರ ಜ್ಯೋತಿ ಸಂಜೀವಿನಿ ಯೋಜನೆ ರೂಪುಗೊಂಡದ್ದು ಹೃದ್ರೋಗ, ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗಳಿಗೆ. ಸಂಜೆ ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಐದು ನಿಮಿಷಕ್ಕೆ ಸಿಗುವ ಟ್ಯೂಬನ್ನು ಕೊಂಡವರನ್ನು ದೂಷಿಸಲು ನನಗೆ ಮನಸ್ಸಿಲ್ಲ.

ಆದರೂ ಶಿಕ್ಷಕರ ಟ್ಯೂಬು ಅವರಲ್ಲೇ ಉಳಿಯುವುದಿಲ್ಲ ಎಂಬುದನ್ನು ಹೇಳಲೇಬೇಕು. ಮಗುವಿನ ಬೆರಳ ಸಂದಿಯಲ್ಲಿ ಕಜ್ಜಿ ಕಂಡ ಪೋಷಕರು ಮೊದಲು ಕೇಳುವುದು ಮೇಷ್ಟ್ರನ್ನು, ಟೀಚರನ್ನು. ಕಜ್ಜಿಗೆ ಬೇಕಾದದ್ದು ಪರ್ಮೆಥ್ರಿನ್: ಮನೆಯವರೆಲ್ಲ ಒಂದೇ ದಿನ, ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿಕೊಳ್ಳಬೇಕು. ಸ್ಟೀರಾಯ್ಡ್ ಹಚ್ಚಿದರೆ ಹುಳು ಉಳಿದು ತುರಿಕೆ ಮಾತ್ರ ತಗ್ಗುತ್ತದೆ. ಚಿಬ್ಬೆಂದು ಬಗೆದ ಬಿಳಿಚಿದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠವಿರಬಹುದು. 2005ರ ಕೊನೆಗೆ ದೇಶಮಟ್ಟದಲ್ಲಿ ನಿರ್ಮೂಲನದ ಗುರಿ ತಲುಪಿದರೂ ಹೊಸ ಪ್ರಕರಣಗಳು ನಿಂತಿಲ್ಲ. ಮುಲಾಮು ಹಚ್ಚುತ್ತಾ ಕಳೆದ ತಿಂಗಳುಗಳಲ್ಲಿ ನರ ಸಾಯಬಹುದು.

ಶಿಕ್ಷಕರು ಒಟ್ಟಾಗಿ ಸೇರುವ ಜಾಗವೊಂದು ಈಗಾಗಲೇ ಇದೆ: ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆ. ಮಳೆಗಾಲಕ್ಕೆ ಮುಂಚಿನ ಒಂದು ಸಭೆಗೆ ವೈದ್ಯಾಧಿಕಾರಿ ಬರಲಿ, ಶಿಕ್ಷಕರು ತಾವು ಹಚ್ಚುತ್ತಿರುವ ಟ್ಯೂಬನ್ನೂ ತರಲಿ. ಹುಳುಕಡ್ಡಿ ಹೌದೋ ಅಲ್ಲವೋ ಎಂದು ತಿಳಿಯಲು ಚರ್ಮದ ಹೊಟ್ಟನ್ನು ಕೆರೆದು, ಗಾಜಿನ ಮೇಲೆ ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡಿದರೆ ಸಾಕು. ಮಲೇರಿಯಾದ ರಕ್ತಲೇಪನ ನೋಡುವ ಸೂಕ್ಷ್ಮದರ್ಶಕದಲ್ಲೇ ಶಿಲೀಂಧ್ರದ ಎಳೆಗಳು ಕಾಣುತ್ತವೆ.