ಗುಜರಿಯಿಂದ ಎದ್ದ ಲಿಬರೇಟರ್: ಪೂರ್ವ ಬೆಂಗಳೂರಿನ ರಿಪೇರಿ ಚರಿತ್ರೆ

1/9
ರೀಲ್ಸ್‌ನಲ್ಲಿ ಈ ಥರದ ವಿಡಿಯೊ ನಿಮಗೂ ಬಂದಿರುತ್ತೆ. ಅಮೆರಿಕದಲ್ಲಿ ಯಾರೋ ಒಬ್ಬರು ಹಿತ್ತಲಲ್ಲಿ ಕೊಳೀತಿದ್ದ ಹಳೇ ಕ್ಯಾಂಪರ್ ತರ್ತಾರೆ. ಪಿಕಪ್ ಟ್ರಕ್‌ನ ಬೆನ್ನ ಮೇಲೆ ಕೂರಿಸೋ ಪುಟ್ಟ ಮನೆ ಅದು. ಒಳಗೆ ಹಾಸಿಗೆ, ಒಲೆ, ಸಿಂಕು. ಹೊರಗೆ ಪೂರಾ ಅಲ್ಯೂಮಿನಿಯಂ ತಗಡು. ತಿಂಗಳುಗಟ್ಟಲೆ ಕೆಲಸ ಮೂವತ್ತು ಸೆಕೆಂಡಲ್ಲಿ ಮುಗಿದು, ಕೊನೆಗೆ ಗಾಡಿ ಕನ್ನಡಿ ಥರ ಹೊಳೆಯುತ್ತೆ. ನಾವು ಲೈಕ್ ಒತ್ತಿ ಮುಂದೆ ಹೋಗ್ತೀವಿ.

ಈ ಸಲದ ಸರಣಿ ಅದೇ ಕೆಲಸದ ಬಗ್ಗೆ. ಆದರೆ ಅಮೆರಿಕಕ್ಕೆ ಹೋಗೋದು ಬೇಡ. ಇಂದಿರಾನಗರದಿಂದ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದು ವಿಮಾನಪುರದ ಕಡೆ ಬನ್ನಿ. 1948ರಲ್ಲಿ ಅಲ್ಲಿ ಇದೇ ಕೆಲಸ ಶುರುವಾಯ್ತು: ಬಿಸಾಕಿದ್ದ ಅಲ್ಯೂಮಿನಿಯಂ ಗಾಡಿಗಳನ್ನ ಮತ್ತೆ ನಡೆಯೋ ಹಾಗೆ ಮಾಡೋದು. ಗಾಡಿ ಅಂದ್ರೆ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನ. ಒಂದಲ್ಲ, ಎರಡಲ್ಲ, ಸುಮಾರು 40.

2/9
ಕ್ಯಾಂಪರ್‌ಗೂ ಬಾಂಬರ್‌ಗೂ ಏನು ಸಂಬಂಧ ಅಂತ ಕೇಳ್ತೀರಾ? ಎರಡೂ ಒಂದೇ ಮನೆಯ ಮಕ್ಕಳು.

ಬರೀ ಅಲ್ಯೂಮಿನಿಯಂ ಮೆತ್ತಗಿನ ಲೋಹ. ಆಲ್ಫ್ರೆಡ್ ವಿಲ್ಮ್ ಅನ್ನೋ ಜರ್ಮನ್ ವಿಜ್ಞಾನಿ 1906ರಲ್ಲಿ ಒಂದು ವಿಷಯ ಕಂಡುಹಿಡಿದರು. ಅದಕ್ಕೆ ಸ್ವಲ್ಪ ತಾಮ್ರ, ಮೆಗ್ನೀಸಿಯಂ ಬೆರೆಸಿ ಕಾಯಿಸಿ ತಟ್ಟನೆ ತಣಿಸಿ ಬಿಟ್ಟರೆ, ಕೆಲವು ದಿನಗಳಲ್ಲಿ ಅದು ತಾನಾಗೇ ಗಟ್ಟಿಯಾಗುತ್ತೆ. ಇದೇ ಡ್ಯೂರಾಲ್ಯುಮಿನ್. ಹಗುರ, ಗಟ್ಟಿ, ವಿಮಾನಕ್ಕೆ ಹೇಳಿ ಮಾಡಿಸಿದ್ದು. ಇಂಥ ತೆಳು ತಗಡನ್ನ ರಿವೆಟ್ ಹೊಡೆದು ಜೋಡಿಸಿದರೆ ಹೊರಮೈಯೇ ಭಾರ ಹೊರುತ್ತೆ. ಮೊಟ್ಟೆಯ ಚಿಪ್ಪಿನ ಲೆಕ್ಕ.

1934ರಲ್ಲಿ ಇದೇ ವಿದ್ಯೆಯನ್ನ ರಸ್ತೆಗೆ ಇಳಿಸಿದವರು ಹಾಲಿ ಬೌಲಸ್, ಗ್ಲೈಡರ್ ಕಟ್ತಿದ್ದ ಮನುಷ್ಯ. ಎರಡು ವರ್ಷ ಆದಮೇಲೆ ಏರ್‌ಸ್ಟ್ರೀಮ್ ಕಂಪನಿಯ ಕ್ಲಿಪ್ಪರ್ ಬಂತು. 1960ರ ದಶಕದಲ್ಲಿ ಮಿಷಿಗನ್ ರಾಜ್ಯದ ಏವಿಯನ್ ಕಂಪನಿ ಟ್ರಕ್ ಮೇಲೆ ಕೂರೋ ಅಲ್ಯೂಮಿನಿಯಂ ಕ್ಯಾಂಪರ್ ಮಾಡ್ತು. ಹೆಸರಲ್ಲೇ ಗುಟ್ಟಿದೆ ನೋಡಿ, ಫ್ರೆಂಚಿನಲ್ಲಿ ಆ ಪದಕ್ಕೆ ವಿಮಾನ ಅಂತಲೇ ಅರ್ಥ.

3/9
ಈಗ ನಮ್ಮೂರಿಗೆ ಬರೋಣ. 1940ರ ಡಿಸೆಂಬರ್. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಶುರು ಮಾಡಿದರು. ನಾವು ಇವತ್ತು ಎಚ್‌ಎಎಲ್ ಅನ್ನೋದು ಇದರ ಮುಂದುವರಿಕೆಯನ್ನೇ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಜಾಗ ಕೊಟ್ಟಿತು, ಹಣವನ್ನೂ ಹಾಕಿತು. ಅಮೆರಿಕದ ವಿಲಿಯಂ ಪಾಲಿ ಯಂತ್ರಗಳನ್ನ, ತಿಳಿದವರನ್ನ ತಂದರು. ಮೊದಲ ಆಫೀಸು ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಅನ್ನೋ ಬಂಗಲೆ.

1941ರ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು: ಹಾರ್ಲೋ ಕಂಪನಿಯ ತರಬೇತಿ ವಿಮಾನ. ಗಮನಿಸಿ, ‘ಜೋಡಿಸಿದ’ ಅಂದೆ. ಡಿಸೈನು ಅಮೆರಿಕದ್ದು, ಭಾಗಗಳೂ ಅಲ್ಲಿಂದ ಬಂದವು. ವಿಮಾನದ ತಗಡಿನ ಕೆಲಸ ನಮ್ಮವರ ಕೈಗೆ ಪೂರ್ತಿ ಹತ್ತಿದ್ದು ಹೊಸದನ್ನ ಜೋಡಿಸುವಾಗ ಅಲ್ಲ, ಮುರಿದದ್ದನ್ನ ಸರಿಮಾಡುವಾಗ.

4/9
ಜಪಾನ್ ಸೈನ್ಯ ಬರ್ಮಾವರೆಗೆ ಬಂದಮೇಲೆ ಲೆಕ್ಕಾಚಾರ ಬದಲಾಯ್ತು. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದ್ ಪಾಲನ್ನ ಕೊಂಡು ಕಾರ್ಖಾನೆ ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೊ ಆಯ್ತು. ಹೊಸ ವಿಮಾನ ಕಟ್ಟೋ ಕನಸು ಪಕ್ಕಕ್ಕೆ ಹೋಯ್ತು. ಏಟು ತಿಂದ ವಿಮಾನ ಬರಬೇಕು, ರಿಪೇರಿಯಾಗಿ ವಾಪಸ್ ಹೋಗಬೇಕು. ಅಷ್ಟೇ ಕೆಲಸ.

ಆಗ ಬಂದವುಗಳಲ್ಲಿ ಕ್ಯಾಟಲೀನಾ ಕೂಡ ಇತ್ತು, ನೀರಿನ ಮೇಲೆ ಇಳಿಯೋ ವಿಮಾನ. ಅವು ಇಳೀತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ! ಹೌದು, ನೊರೆ ಉಕ್ಕಿ, ಬೆಂಕಿ ಹತ್ತಿ ಸುದ್ದಿಯಾದ ಅದೇ ಕೆರೆ.

ಯುದ್ಧ ಮುಗೀತು, ಅಮೆರಿಕದವರು ಹೊರಟರು. ಬೆಂಗಳೂರಲ್ಲಿ ಉಳಿದದ್ದು ಶೆಡ್ಡು, ಯಂತ್ರಗಳು, ಜೊತೆಗೆ ವಿಮಾನದ ಮೈ ಬಿಚ್ಚಿ ಮತ್ತೆ ಮುಚ್ಚೋಕೆ ಕಲಿತಿದ್ದ ಕೆಲಸಗಾರರು. ಯುದ್ಧದಲ್ಲಿ ಸಾಮಾನು ಹೊತ್ತಿದ್ದ ಡಕೋಟಾಗಳನ್ನ ಪ್ರಯಾಣಿಕರ ವಿಮಾನವಾಗಿ ಮಾಡಿಕೊಟ್ಟದ್ದು ಇವರೇ.

5/9
ಈಗ ಕಾನ್ಪುರ. ಬ್ರಿಟಿಷ್ ವಾಯುಪಡೆ ಬಳಸ್ತಿದ್ದ ಬಿ-24 ಲಿಬರೇಟರ್ ಬಾಂಬರ್‌ಗಳು ಅಲ್ಲಿ ಸಾಲಾಗಿ ನಿಂತಿದ್ದವು. ಅವನ್ನ ಅಮೆರಿಕ ಯುದ್ಧಕ್ಕೆ ಅಂತ ಕೊಟ್ಟಿತ್ತು. ಯುದ್ಧ ಮುಗಿದಮೇಲೆ ವಾಪಸ್ ಕೊಡಬೇಕು, ಇಲ್ಲವೇ ಬಳಸೋಕೆ ಬಾರದ ಹಾಗೆ ಮಾಡಬೇಕು. ಬ್ರಿಟಿಷರು ಎರಡನೇದನ್ನ ಮಾಡಿದರು. ಎಂಜಿನ್ನಿಗೆ ಮರಳು, ಮೀಟರುಗಳಿಗೆ ಸುತ್ತಿಗೆ, ಮೈಗೆ ಗಾಡಿ ಗುದ್ದಿಸಿದ ಏಟು.

ಸ್ವಾತಂತ್ರ್ಯ ಬಂದು ವರ್ಷ ಆಗಿತ್ತು. ನಮ್ಮ ವಾಯುಪಡೆಗೆ ದೊಡ್ಡ ಬಾಂಬರ್ ಬೇಕಿತ್ತು, ಹೊಸದನ್ನ ಕೊಳ್ಳೋಕೆ ಕಾಸು ಇರಲಿಲ್ಲ. ಎಚ್‌ಎಎಲ್‌ನವರು ‘ನಾವು ನೋಡ್ತೀವಿ’ ಅಂತ ಹೊರಟರು. ಕಾನ್ಪುರದಲ್ಲೇ ಒಂದರಲ್ಲಿ ಉಳಿದಿದ್ದನ್ನ ಇನ್ನೊಂದಕ್ಕೆ ಹಾಕಿ, ಒಂದು ಸಲ ಹಾರೋಕೆ ಸಾಕಾಗುವಷ್ಟು ಸರಿಮಾಡೋದು. ಪೂರ್ತಿ ರಿಪೇರಿ ಬೆಂಗಳೂರಲ್ಲಿ. ನಡುವಿನ ಸುಮಾರು 1500 ಕಿಲೋಮೀಟರ್ ಆ ಅರೆಬರೆ ವಿಮಾನಗಳನ್ನ ಹಾರಿಸಿಕೊಂಡು ಬಂದವರು ಎಚ್‌ಎಎಲ್ ಪೈಲಟ್ ಜಮ್ಷೆಡ್ ಮುನ್ಷಿ.

ರೆಕ್ಕೆಯ ತುದಿಯಿಂದ ತುದಿಗೆ 33 ಮೀಟರ್ ದಾಟುತ್ತೆ, ಹತ್ತಿರಹತ್ತಿರ ಮೂರು ಬಿಎಂಟಿಸಿ ಬಸ್ಸಿನ ಉದ್ದ. 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ಲಿಬರೇಟರ್‌ಗಳೊಂದಿಗೇ ಶುರುವಾಯ್ತು.

6/9
ಇಂಥ ತಗಡಿನ ಮೈ ರಿಪೇರಿ ಮಾಡೋದು ಹೇಗೆ? ಕ್ಯಾಂಪರ್ ಆಗಲಿ, ವಿಮಾನ ಆಗಲಿ, ನಿಯಮ ಒಂದೇ. ಈ ಪೋಸ್ಟ್ ಸೇವ್ ಮಾಡಿಕೊಳ್ಳಿ.

ಒಂದು, ಪಾಲಿಶ್ ಕೊನೆಗೆ. ಮೊದಲು ನೀರು ಎಲ್ಲಿ ಒಳಗೆ ಬರ್ತಿದೆ ಅಂತ ಹುಡುಕಬೇಕು. ಅಲ್ಯೂಮಿನಿಯಂ ಜೊತೆ ಕಬ್ಬಿಣ ಅಂಟಿಕೊಂಡಿದ್ದು, ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಬಿಳೀ ಪುಡಿಯಾಗುತ್ತೆ. ಹೊರಗೆ ಹೊಳಪು, ಒಳಗೆ ಪುಡಿ, ಇದಕ್ಕಿಂತ ಅಪಾಯ ಬೇರೆ ಇಲ್ಲ.

ಎರಡು, ಸುತ್ತಿಗೆ ಕಮ್ಮಿ. ಶಿವಾಜಿನಗರದ ಟಿಂಕರಿಂಗ್ ಅಂಗಡಿಯಲ್ಲಿ ಕಾರಿನ ಡೆಂಟ್ ತಟ್ಟಿ ಎತ್ತೋದು ನೋಡಿರ್ತೀರಲ್ಲ, ಅದು ಉಕ್ಕಿನ ತಗಡು, ತಡಕೊಳ್ಳುತ್ತೆ. ಡ್ಯೂರಾಲ್ಯುಮಿನ್ ತಟ್ಟಿದಷ್ಟೂ ಬಿರುಸಾಗಿ ಕೊನೆಗೆ ಬಿರುಕು ಬಿಡುತ್ತೆ. ಕೆಟ್ಟ ಭಾಗ ಕತ್ತರಿಸಿ ಅದೇ ಜಾತಿಯ ತಗಡಿನ ತೇಪೆ ಹಾಕೋದೇ ದಾರಿ.

ಮೂರು, ರಿವೆಟ್. ಹಳೇದನ್ನ ತೆಗೆಯೋಕೆ ತಲೆಯ ಸರಿಯಾದ ನಡುವಿಗೆ ಡ್ರಿಲ್ ಬಿಟ್ ಇಡಬೇಕು. ಕೂದಲೆಳೆ ಆಚೀಚೆ ಆದರೂ ತೂತು ಅಂಕುಡೊಂಕಾಗಿ, ದಪ್ಪದ ರಿವೆಟ್ ಹುಡುಕಬೇಕು. ಹೊಸದನ್ನ ಹೊಡೆಯೋಕೆ ಇಬ್ಬರು ಬೇಕು. ಹೊರಗಿನವರು ಗಾಳಿ ಸುತ್ತಿಗೆಯಿಂದ ತಲೆಗೆ ಹೊಡೀತಾರೆ, ಒಳಗಿನವರು ಬಾಲಕ್ಕೆ ಭಾರದ ಕಬ್ಬಿಣದ ಕಟ್ಟಿ ಒತ್ತಿ ಹಿಡೀತಾರೆ. ನಡುವೆ ತಗಡಿರೋದರಿಂದ ಒಬ್ಬರಿಗೊಬ್ಬರು ಕಾಣಲ್ಲ. ಸದ್ದು, ಅದುರು, ಅಭ್ಯಾಸ ಇದರ ಮೇಲೇ ನಡೆಯೋ ಕೆಲಸ. ಗಟ್ಟಿ ಜಾತಿಯ ಕೆಲವು ರಿವೆಟ್‌ಗಳನ್ನಂತೂ ಕಾಯಿಸಿ ತಣಿಸಿದ ಮೇಲೆ ಐಸ್‌ನಲ್ಲಿ ಇಡಬೇಕು, ಇಲ್ಲದಿದ್ದರೆ ಹೊಡೆಯೋ ಮುಂಚೆಯೇ ಗಟ್ಟಿಯಾಗಿಬಿಡುತ್ತವೆ.

ಒಂದು ಲಿಬರೇಟರ್‌ನಲ್ಲಿ 3 ಲಕ್ಷಕ್ಕೂ ಹೆಚ್ಚು ರಿವೆಟ್ ಇದ್ದವು. ಎಲ್ಲವನ್ನೂ ಬದಲಿಸಬೇಕಿಲ್ಲ, ಆದರೆ ಯಾವುದು ಸಡಿಲ ಅಂತ ಯಾರಾದರೂ ನೋಡಲೇಬೇಕು. ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಯುದ್ಧದ ಕಾಲದಲ್ಲಿ ಹೆಚ್ಚುಕಮ್ಮಿ ಗಂಟೆಗೊಂದು ಲಿಬರೇಟರ್ ಹೊರಬರ್ತಿತ್ತು. ಅಲ್ಲಿ ಪ್ರತಿ ಭಾಗವೂ ಒಂದೇ ಅಚ್ಚು. ಇಲ್ಲಿ ಪ್ರತಿ ವಿಮಾನದ ಗಾಯವೂ ಬೇರೆ.

7/9
ಈ ಕಲಿಕೆ ಎಲ್ಲಿಗೆ ಹೋಯ್ತು?

ಮೊದಲು ರಸ್ತೆಗೆ, ಹಳಿಗೆ. ಯುದ್ಧ ಮುಗಿದಮೇಲೆ ಕಾರ್ಖಾನೆ ಸುಮ್ಮನೆ ಕೂರಬಾರದಲ್ಲ, ಬಸ್ ಬಾಡಿ, ಪೂರ್ತಿ ಲೋಹದ ರೈಲು ಬೋಗಿ ಮಾಡೋಕೆ ಹಿಡಿದರು. ಅಮೆರಿಕದಲ್ಲಿ ವಿಮಾನದ ವಿದ್ಯೆ ಕ್ಯಾಂಪರ್ ಆಯ್ತು, ನಮ್ಮಲ್ಲಿ ಜನ ಓಡಾಡೋ ಬಸ್ಸು, ರೈಲು ಆಯ್ತು. ಆ ಬೋಗಿ ವಿಭಾಗವೇ ಮುಂದೆ, 1964ರಲ್ಲಿ ಹುಟ್ಟಿದ ಬಿಇಎಂಎಲ್‌ಗೆ ಹೋಯ್ತು. ಬೈಯಪ್ಪನಹಳ್ಳಿಯಲ್ಲಿ ನೀವು ಹತ್ತೋ ನೇರಳೆ ಮೆಟ್ರೋಗೆ ಬೋಗಿ ಮಾಡಿಕೊಟ್ಟದ್ದೂ ಬಿಇಎಂಎಲ್ಲೇ.

ಆಮೇಲೆ ಆಕಾಶಕ್ಕೆ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ವಿಜ್ಞಾನ ಕಲಿಸಿದ್ದ ವಿ.ಎಂ. ಘಾಟಗೆ ಎಚ್‌ಎಎಲ್‌ಗೆ ಬಂದು ಎಚ್‌ಟಿ-2 ಡಿಸೈನ್ ಮಾಡಿದರು. ಪೂರ್ತಿ ಲೋಹದ ಎರಡು ಸೀಟಿನ ತರಬೇತಿ ವಿಮಾನ. 1951ರ ಆಗಸ್ಟ್‌ನಲ್ಲಿ ಅದನ್ನ ಮೊದಲು ಹಾರಿಸಿದವರು ಲಿಬರೇಟರ್ ತಂದಿದ್ದ ಅದೇ ಮುನ್ಷಿ. ಶಾಲಾ ಪುಸ್ತಕದಲ್ಲಿ ಎಚ್‌ಟಿ-2ಗೆ ಒಂದು ಸಾಲು ಸಿಗಬಹುದು. ಅದಕ್ಕಿಂತ ಮೂರು ವರ್ಷ ಮುಂಚಿನ ಗುಜರಿ ಕೆಲಸಕ್ಕೆ ಅದೂ ಸಿಗಲ್ಲ.

8/9
ಲಿಬರೇಟರ್‌ಗಳು 1968ರ ಕೊನೆವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಎಲ್ಲರೂ ಬಿಸಾಕಿದ್ದನ್ನ ನಾವು ಇಪ್ಪತ್ತು ವರ್ಷ ಓಡಿಸಿದ್ವಿ. ಅಷ್ಟರಲ್ಲಿ ಬೇರೆ ಕಡೆ ಅವು ಹೆಚ್ಚುಕಡಿಮೆ ಕರಗಿಹೋಗಿದ್ದವು. ಆಗ ಹೊರಗಿನ ಮ್ಯೂಸಿಯಂಗಳಿಗೆ ನೆನಪಾದದ್ದು ಭಾರತ. ಕೆನಡಾಕ್ಕೆ ಒಂದು ಹೋಯ್ತು, ಅಮೆರಿಕದ ಪೀಮಾ ಮ್ಯೂಸಿಯಂಗೆ ಒಂದು, ಇಂಗ್ಲೆಂಡಿನ ಕಾಸ್‌ಫರ್ಡ್‌ಗೆ ಒಂದು. ನಮ್ಮಲ್ಲಿ ದೆಹಲಿಯ ಪಾಲಂ ವಾಯುಪಡೆ ಮ್ಯೂಸಿಯಂನಲ್ಲಿ ಒಂದು ಇದೆ.

ಇಲ್ಲಿ ಒಂದು ದೊಡ್ಡ ಪ್ರಶ್ನೆ ಬರುತ್ತೆ. ಹಳೇದನ್ನ ‘ಮೊದಲಿನ ಹಾಗೆ’ ಮಾಡೋದು ಅಂದ್ರೆ ಯಾವ ಮೊದಲು? ಕಾನ್ಪುರದಲ್ಲಿ ಬಿಸಾಕಿದ್ದು, ಇಲ್ಲಿ ಎದ್ದು ನಿಂತು ನಮ್ಮ ವಾಯುಪಡೆಗೆ ಹಾರಿದ್ದ ಒಂದು ಲಿಬರೇಟರ್ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೈ ಸೇರಿತು. 1989ರಲ್ಲಿ ಮತ್ತೆ ಹಾರಿತು, ‘ಆಲ್ ಅಮೆರಿಕನ್’ ಅನ್ನೋ ಹೆಸರಲ್ಲಿ. ಆಮೇಲೆ ಬೇರೆ ಹೆಸರು, ಬೇರೆ ಬಣ್ಣ, ಎಲ್ಲವೂ ಅಮೆರಿಕದ ಯುದ್ಧ ಕಾಲದ್ದೇ. ನಮ್ಮ ವಾಯುಪಡೆಯ ಇಪ್ಪತ್ತು ವರ್ಷ ಬಣ್ಣದ ಅಡಿಗೆ ಹೋಯ್ತು.

ಇದನ್ನ ಬರೀ ಅವರ ತಪ್ಪು ಅನ್ನೋಕೂ ಬರಲ್ಲ. 2011ರಲ್ಲಿ ಐರ್ಲೆಂಡಿನಲ್ಲಿ ಗುಜರಿಯಾಗಿ ಸಿಕ್ಕ ಡಕೋಟಾ ಒಂದನ್ನ ಬ್ರಿಟನ್ನಿನಲ್ಲಿ ಸರಿಮಾಡಿಸಿ, 2018ರಲ್ಲಿ ಹಾರಿಸಿಕೊಂಡೇ ಇಲ್ಲಿಗೆ ತಂದರು. ಹೆಸರು ಪರಶುರಾಮ. ಅದರ ಮೇಲೆ ಬರೆಸಿರೋ ವಿಪಿ 905, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನ ಒಯ್ದ ಬೇರೊಂದು ಡಕೋಟಾದ ನಂಬರು. ಗೌರವಕ್ಕೆ ಅಂತ ಇಟ್ಟದ್ದು, ಸರಿ. ಆದರೆ ಅದರ ಸ್ವಂತ ಕಥೆ ಕೂಡ ಈಗ ಬಣ್ಣದ ಅಡಿಗಿದೆ. ಬಣ್ಣ ಬಳಿಯೋರು ಒಂದು ವರ್ಷ ಆರಿಸಿಕೊಳ್ತಾರೆ, ಉಳಿದ ವರ್ಷಗಳನ್ನ ಯಾರಾದರೂ ಬರೆದಿಡಬೇಕು.

9/9
ಈ ಕಥೆಯಲ್ಲಿ ಹೆಸರು ಉಳಿದವರನ್ನ ಎಣಿಸಿ: ವಾಲ್‌ಚಂದ್, ಮಿರ್ಜಾ, ಪಾಲಿ, ಮುನ್ಷಿ, ಘಾಟಗೆ. ಪ್ರತಿ ರಿವೆಟ್‌ಗೆ ಇಬ್ಬರು ಬೇಕು ಅಂತ ಹೇಳಿದ್ನಲ್ಲ, ಆ ಇಬ್ಬರ ಹೆಸರು ನಮಗೆ ಬಾಯಿಗೆ ಬರಲ್ಲ. ತಗಡಿನ ಮೇಲಿನ ತೇಪೆಯೇ ಅವರ ಸಹಿ. ಹೊಳಪಿನ ಆಸೆಗೆ ತೇಪೆ ಕಿತ್ತು ಹೊಸ ತಗಡು ಹಾಕಿದರೆ ಆ ಸಹಿಯೂ ಹೋಯ್ತು.

1948ರಲ್ಲಿ ಇಪ್ಪತ್ತು ವರ್ಷ ಇದ್ದವರು ಇವತ್ತು ನೂರರ ಹತ್ತಿರ. ಅವರ ಮಕ್ಕಳಿಗೇ ಎಪ್ಪತ್ತರ ಆಸುಪಾಸು. ಹಲಸೂರು, ದೊಮ್ಮಲೂರು, ಮುರುಗೇಶಪಾಳ್ಯ, ಕೆ.ಆರ್. ಪುರ ಕಡೆಯ ಎಷ್ಟೋ ಮನೆಗಳಲ್ಲಿ ‘ನಮ್ಮ ತಾತ ಫ್ಯಾಕ್ಟ್ರಿಯಲ್ಲಿದ್ರು’ ಅನ್ನೋ ಮಾತು ಮಾತ್ರ ಉಳಿದಿದೆ. ಯಾವ ಫ್ಯಾಕ್ಟ್ರಿ, ಯಾವ ಶಾಪು, ಏನು ಕೆಲಸ? ಕೇಳೋಕೆ ಉಳಿದಿರೋದು ಇನ್ನು ಕೆಲವೇ ವರ್ಷ.

ಅದಕ್ಕೇ ಒಂದು ಸಣ್ಣ ಹೋಮ್‌ವರ್ಕ್. ಈ ಭಾನುವಾರ ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆ ಅಂಕಲ್, ಯಾರಾದರೂ ಸರಿ, ಮೂರು ಪ್ರಶ್ನೆ ಕೇಳಿ. ಯಾವ ವರ್ಷ ಸೇರಿದ್ರು? ಕೆಲಸ ಯಾರ ಹತ್ರ ಕಲಿತ್ರು? ಜೊತೆಗೆ ನಿಂತು ಕೆಲಸ ಮಾಡ್ತಿದ್ದವರು ಯಾರು? ಅವರು ಒಪ್ಪಿದರೆ ಮೊಬೈಲಲ್ಲಿ ರೆಕಾರ್ಡ್ ಮಾಡಿ. ಹಳೇ ಫೋಟೊ ಇದ್ದರೆ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ವರ್ಷ ಬರೆದಿಡಿ. ಅಟ್ಟದ ಮೇಲೆ ಟೂಲ್ ಡಬ್ಬಿ ಸಿಕ್ಕರೆ ಗುಜರಿಗೆ ಹಾಕೋ ಮುಂಚೆ ಒಂದು ಸಲ ಬಿಚ್ಚಿ ನೋಡಿ. ಎಚ್‌ಎಎಲ್ ಮ್ಯೂಸಿಯಂಗೆ ಹೋಗಿಲ್ಲದಿದ್ದರೆ ಹೋಗಿಬನ್ನಿ, ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಇದೆ. ವಿಮಾನದ ಜೊತೆ ಸೆಲ್ಫಿ ಆದಮೇಲೆ ಹತ್ತಿರ ಹೋಗಿ ರಿವೆಟ್ ಸಾಲುಗಳನ್ನ ನೋಡಿ.

ನಿಮ್ಮ ಮನೇಲಿ ಇಂಥ ಕಥೆ ಇದ್ದರೆ ಕಾಮೆಂಟಲ್ಲಿ ಬರೀರಿ: ಶಾಪಿನ ಹೆಸರು, ಸೇರಿದ ವರ್ಷ, ಮಾಡ್ತಿದ್ದ ಕೆಲಸ ಸಾಕು. ಅವರ ಹೆಸರು ಹಾಕೋ ಮುಂಚೆ ಮನೆಯವರನ್ನ ಕೇಳಿ. ಬಂದದ್ದನ್ನೆಲ್ಲ ಸೇರಿಸಿ ಮುಂದಿನ ಸರಣಿ ಮಾಡೋಣ.

#ನಮ್ಮಬೆಂಗಳೂರು #ಪೂರ್ವಬೆಂಗಳೂರು #ವಿಮಾನಪುರ #ಲಿಬರೇಟರ್ #ರಿಪೇರಿಚರಿತ್ರೆ