ಬಂದೂಕು ಸೋತಿತು, ಬೋಲ್ಟು ಗೆದ್ದಿತು

ಪಂಪ್‌ಸೆಟ್ಟಿನ ಶಾಫ್ಟ್ ಹಿಡಿದು ಲೇತ್ ಅಂಗಡಿಗೆ ಹೋದರೆ ನಮಗೆ ಎದುರಾಗುವ ಪ್ರಶ್ನೆ ಒಂದೇ: 'ಎಷ್ಟು ಥೌ ತೆಗೀಬೇಕು?' ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ. ಇಂಥ ಅಳತೆಗೆ ಹೆಸರಾದವರು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್.

1803ರಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಹೆನ್ರಿ ಮೌಡ್ಸ್ಲೆ ಅವರ ಕಾರ್ಖಾನೆಯಲ್ಲಿ ಪಳಗಿದರು. ಉಳಿಯನ್ನು ಕೈಯಲ್ಲಿ ಹಿಡಿಯದೆ ಯಂತ್ರಕ್ಕೇ ಬಿಗಿದು, ತಿರುಪಿನಿಂದ ಸರಿಸುವ ಲೇತಿಗೆ ಮೌಡ್ಸ್ಲೆ ಹೆಸರುವಾಸಿ. ಶಿಷ್ಯ ಇನ್ನೂ ಮುಂದೆ ಹೋದರು. ಇಂಚಿನ ಹತ್ತು ಲಕ್ಷದ ಒಂದು ಭಾಗದ ವ್ಯತ್ಯಾಸ ಹಿಡಿಯುವ ಯಂತ್ರ ಕಟ್ಟಿದರು.

1854ರಲ್ಲಿ ಬ್ರಿಟಿಷ್ ಸರ್ಕಾರ ಎನ್‌ಫೀಲ್ಡ್ ರೈಫಲ್ ತಯಾರಿಕೆಗೆ ಅವರ ಸಲಹೆ ಕೇಳಿತು. ಮೊದಲು ನಳಿಗೆ ಹೇಗಿರಬೇಕೆಂದು ತಿಳಿಯಲು ಅವರು ಮ್ಯಾಂಚೆಸ್ಟರಿನ ಮನೆಯ ಬಳಿ 500 ಗಜ ಉದ್ದದ ಶೆಡ್ ಕಟ್ಟಿಸಿ ಗುಂಡು ಹಾರಿಸಿ ನೋಡಿದರು. ಎನ್‌ಫೀಲ್ಡ್ ನಳಿಗೆ 0.577 ಇಂಚು. ಇವರದು 0.451 ಇಂಚು, ಒಳಗೆ ಆರು ಮೂಲೆ. ಗುಂಡಿಗೂ ಆರು ಮೂಲೆ. ಎರಡೂ ಸರಿಯಾಗಿ ಕೂರಬೇಕಾದರೆ ಕೊರೆಯುವ ಕೆಲಸ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. 1857ರ ಪರೀಕ್ಷೆಯಲ್ಲಿ ಎನ್‌ಫೀಲ್ಡ್ ಸೋತಿತು.

ಆದರೂ ಸೇನೆ ಅದನ್ನು ತನ್ನ ಮುಖ್ಯ ರೈಫಲ್ ಮಾಡಿಕೊಳ್ಳಲಿಲ್ಲ. ಬೆಲೆ ದುಬಾರಿ. ಮದ್ದಿನ ಮಸಿ ಕಟ್ಟಿದರೆ ಕಿರಿದಾದ ನಳಿಗೆಗೆ ಗುಂಡು ತುಂಬುವುದೂ ಕಷ್ಟ. ಯುದ್ಧದ ಕೆಸರಿಗೆ ಅಷ್ಟು ಬಿಗಿ ಒಗ್ಗಲಿಲ್ಲ.

ಉಳಿದದ್ದು ಅವರ ಇನ್ನೊಂದು ಕೆಲಸ. ಒಂದೊಂದು ಕಾರ್ಖಾನೆಗೆ ಒಂದೊಂದು ಥ್ರೆಡ್ ಇದ್ದ ಕಾಲದಲ್ಲಿ, 1841ರಲ್ಲಿ, ಎಲ್ಲರಿಗೂ ಒಂದೇ ಇರಲಿ ಎಂದು 55 ಡಿಗ್ರಿ ಥ್ರೆಡ್ ಸೂಚಿಸಿದರು. ನಮ್ಮ ಜಿಐ ಪೈಪು, ನಲ್ಲಿಗಳ ಥ್ರೆಡ್ ಇಂದಿಗೂ ಅದೇ 55 ಡಿಗ್ರಿ. ಕೊಲ್ಲಲು ಬೆಳೆಸಿದ ಬಿಗಿ ಮೂಲೆ ಸೇರಿತು. ಎಲ್ಲರಿಗೂ ಕೂರಲಿ ಎಂದ ಅಳತೆ ನಮ್ಮ ಹಿತ್ತಲಿಗೆ ನೀರು ತಂದಿತು.